ಮಳೆಗಾಲದಲ್ಲಿ ಮಿನಿಗೆ ಬಣ್ಣ: ಉಪ್ಪಳದವರ ಪ್ರಶ್ನೆಗೆ ಉತ್ತರ

ಸ್ವಲ್ಪ ಉದ್ದ ಆಗ್ತದೆ, ಕ್ಷಮಿಸಿ. ಉಪ್ಪಳದಿಂದ ನೀವು ಕೇಳಿದ್ದು ಇಷ್ಟು: ನಮ್ಮ ಗುಂಪಿನ ಈ ತಿಂಗಳ ಬಣ್ಣ ಹಚ್ಚುವ ಚಾಲೆಂಜ್‌ಗೆ ಒಂದೇ ಒಂದು ಮಿನಿ (ಮೇಜಿನ ಆಟದ ಪುಟ್ಟ ಗೊಂಬೆ), ಕಂಚಿನ ಕವಚ ತೊಟ್ಟ ಅಸ್ಥಿಪಂಜರದ ಸೈನಿಕ. ಬಣ್ಣ ಹಿಡಿಯಲಿ ಅಂತ ಮೊದಲು ಕೊಡುವ ಪ್ರೈಮರ್ ಸ್ಪ್ರೇ ಹೊಡೆದ ಮೇಲೆ ಮೈಯೆಲ್ಲ ರವೆ ಅಂಟಿದ ಹಾಗೆ ಆಗಿದೆ. ಮೇಲಂಗಿಗೆ ಕೆಂಪು ಮೂರು ಸಲ ಹಚ್ಚಿದರೂ ಕೂರುತ್ತಿಲ್ಲ. ಕೈ ನಡುಗುತ್ತದೆ. ಉಳಿದಿರುವುದು ಹತ್ತೇ ದಿನ.

ಮೊದಲು ಸ್ಪ್ರೇ ವಿಷಯ. ನಾನು ಬದಿಯಡ್ಕದ ಕಡೆಯವನು. ಆಟಿ ತಿಂಗಳಲ್ಲಿ ನಮ್ಮಲ್ಲಿ ಒಗೆದ ಬಟ್ಟೆ ಮೂರು ದಿನ ಆದರೂ ಒಣಗುವುದಿಲ್ಲ, ಇನ್ನು ಸ್ಪ್ರೇ ಕ್ಯಾನ್ ಕೇಳುತ್ತದಾ? ಕ್ಯಾನಿನಿಂದ ಗ್ಯಾಸ್ ಹೊರಗೆ ಬರುವಾಗ ಬಣ್ಣದ ಹನಿ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ಅದರ ಮೇಲೆ ಕೂರುತ್ತದೆ. ಆಗ ಬಿಳಿಚು, ತರಿತರಿ ಎಲ್ಲ ಬರುತ್ತದೆ. ತುಂಬಾ ದೂರದಿಂದ ಹೊಡೆದರೂ ಹನಿ ದಾರಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಬೇಸಿಗೆಯಲ್ಲಿ 20ರಿಂದ 30 ಸೆಂಟಿಮೀಟರ್ ದೂರ ಇಟ್ಟುಕೊಂಡರೆ ಸಾಕು. ಮಳೆಗಾಲದಲ್ಲಿ ಎಷ್ಟು ದೂರ ಎನ್ನುವ ಲೆಕ್ಕವೇ ಬೇಡ, ಕ್ಯಾನ್ ಕಪಾಟಿನಲ್ಲೇ ಇರಲಿ. ಅಡಿಕೆಗೆ ಮದ್ದು ಬಿಡುವವರು ಹೊಳವು, ಅಂದರೆ ಮಳೆ ಬಿಡುವು, ಕಾಯುವ ಹಾಗೆ ನಾನೂ ಒಂದು ವರ್ಷ ಕಾದು ಕೂತಿದ್ದೆ. ಹೊಳವು ಬಂತು, ಹೊಡೆದೆ, ಅಂಗಳದಿಂದ ಒಳಗೆ ತರುವಷ್ಟರಲ್ಲಿ ಮಿನಿ ಮಂಜು ಬಿದ್ದ ಹಾಗಾಗಿತ್ತು. ಮಳೆ ನಿಂತರೂ ಗಾಳಿಯ ತೇವ ಹೋಗಿರುವುದಿಲ್ಲ ನೋಡಿ.

ಈಗಿನದ್ದನ್ನು ತೆಗೆಯಲೇಬೇಕಾ ಅಂತ ಮೊದಲು ನೋಡಿ. ಒಣ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಮೇಲಿನ ಪುಡಿ ಉದುರಿದರೆ ಬಚಾವ್. ಎಲುಬಿನ ಮೇಲೆ ಸ್ವಲ್ಪ ತರಿ ಉಳಿದರೆ ಚಿಂತೆ ಇಲ್ಲ, ಹಳೇ ಎಲುಬು ನುಣ್ಣಗೆ ಎಲ್ಲಿರುತ್ತದೆ? ಮೇಲಂಗಿಯ ಮೇಲೆ ಮಾತ್ರ ತರಿ ಎದ್ದು ಕಾಣುತ್ತದೆ. ಅಲ್ಲಿ ಜಾಸ್ತಿ ಇದ್ದರೆ ಪೂರ್ತಿ ತೆಗೆಯುವುದೇ ಒಳ್ಳೆಯದು. ನಿಮ್ಮದು ಗಟ್ಟಿ ಪ್ಲಾಸ್ಟಿಕ್ ಅಂದಿದ್ದೀರಿ. ಹಾಗಾದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮುಚ್ಚಳ ಹಾಕಿ ಕೆಲವು ಗಂಟೆ ಮುಳುಗಿಸಿಡಿ. ಒಲೆಯಿಂದ ದೂರ ಇಡಿ, ಕೈಗವಸು ಹಾಕಿಕೊಳ್ಳಿ, ಆಮೇಲೆ ಬ್ರಷ್‌ನಿಂದ ತಿಕ್ಕಿ ಸಾಬೂನಿನಲ್ಲಿ ತೊಳೆಯಿರಿ. ಪೇಂಟ್ ಅಂಗಡಿಯ ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಎರಡನ್ನೂ ಹತ್ತಿರ ತರಬೇಡಿ. ಬಣ್ಣದ ಜೊತೆ ಸೈನಿಕನೂ ಕರಗುತ್ತಾನೆ.

ಆಮೇಲೆ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್. ವಯೆಹೋ ಕಂಪನಿಯದ್ದು ಸಿಗುತ್ತದೆ, ಬೇರೆಯವರದ್ದೂ ಇದೆ. ತೆಳ್ಳಗೆ ಎರಡು ಕೋಟ್ ಕೊಟ್ಟು ಒಂದು ದಿನ ಮುಟ್ಟದೆ ಬಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಬೇಗ ಒಣಗುತ್ತದೆ ಅಂತ ಮಾತ್ರ ಇಡಬೇಡಿ ಮಾರಾಯ್ರೇ. ನನ್ನ ಒಬ್ಬ ಈಟಿಗಾರನ ಈಟಿ ಈಗಲೂ ಬಾಡಿದ ಬಸಳೆ ಬಳ್ಳಿಯ ಹಾಗೆ ಇದೆ.

ಪ್ರೈಮರ್ ಕಪ್ಪಾ ಬಿಳಿಯಾ ಅಂತ ಕೇಳಿದ್ದೀರಿ. ಬೂದು ತಗೊಳ್ಳಿ. ನಿಮ್ಮ ಕೆಂಪು ಕೂರದೆ ಇರುವುದಕ್ಕೂ ಪ್ರೈಮರಿನ ಬಣ್ಣವೇ ಕಾರಣ. ಕೆಂಪು ಮತ್ತು ಹಳದಿ ಬಣ್ಣಗಳು ಹೆಚ್ಚಿನವು ಅರೆಪಾರದರ್ಶಕ. ಕಪ್ಪಿನ ಮೇಲೆ ಹಚ್ಚಿದರೆ ಕಪ್ಪು ಕೆಳಗಿನಿಂದ ಇಣುಕುತ್ತದೆ. ಅದಕ್ಕೆ ಅಂತ ದಪ್ಪ ಹಚ್ಚಿದರೆ ಮಡಿಕೆಗಳೆಲ್ಲ ಮುಚ್ಚಿಹೋಗುತ್ತವೆ. ಮೊದಲು ಮೇಲಂಗಿ ಪೂರ್ತಿ ಇಟ್ಟಿಗೆ ಬಣ್ಣ ಹಚ್ಚಿ. ಮಡಿಕೆಯ ಉಬ್ಬಿಗೆ ಮಾತ್ರ ಗುಲಾಬಿ. ಅದರ ಮೇಲೆ ನೀರು ಬೆರೆಸಿದ ಕೆಂಪು ಎರಡು ಸಲ. ಉಬ್ಬು ಬೆಳಗುತ್ತದೆ, ತಗ್ಗು ಕಂದಾಗಿ ಉಳಿಯುತ್ತದೆ, ನೆರಳಿನ ಅರ್ಧ ಕೆಲಸ ತಾನಾಗಿ ಮುಗಿದಿರುತ್ತದೆ.

ಬಣ್ಣ ಎಷ್ಟು ತೆಳ್ಳಗೆ ಅಂದರೆ, ಹಾಲಿನಷ್ಟು. ಸಿಹಿತಿಂಡಿ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಕೇಕ್ ಬೇಯಿಸುವಾಗ ಹಾಸುವ ಕಾಗದ ಇಟ್ಟರೆ ಬಣ್ಣ ಒಣಗದ ಹಾಗೆ ಇಡುವ ವೆಟ್ ಪ್ಯಾಲೆಟ್ ಆಯಿತು. ದುಡ್ಡು ಕೊಟ್ಟು ತರಿಸಬೇಡಿ. ಮಳೆಗಾಲದಲ್ಲಿ ಇದಕ್ಕೆ ನಾಲ್ಕೇ ದಿನದಲ್ಲಿ ಬೂಸಲು ಬರುತ್ತದೆ, ಟಿಶ್ಯೂ ಬದಲಿಸುತ್ತಾ ಇರಿ. ಬೂಸಲು ಬಾರದಿರಲಿ ಅಂತ ಕೆಲವರು ಕೆಳಗೆ ತಾಮ್ರದ ಚೂರು ಹಾಕಿಡುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಅಂದರೆ ತಾಮ್ರದ ಉಪ್ಪು, ಬಳಸುವ ನಮಗೆ ಅದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಮೈಲುತುತ್ತು ಅಂದಾಗ ನೆನಪಾಯಿತು, ನಿಮ್ಮ ಸೈನಿಕನ ಕಂಚಿನ ಕವಚ. ಹೊಳೆಯುವ ಕಂಚು ಹಚ್ಚಿ ಬಿಟ್ಟರೆ ಅಂಗಡಿಯಿಂದ ಈಗ ತಂದ ಹಾಗೆ ಕಾಣುತ್ತದೆ. ಸತ್ತು ನೂರಾರು ವರ್ಷ ಮಣ್ಣಲ್ಲಿದ್ದವನ ಕವಚಕ್ಕೆ ಕಿಲುಬು ಬೇಡವಾ? ಮೈಲುತುತ್ತು, ಸುಣ್ಣದ ಬೋರ್ಡೋ ಮದ್ದು ಕಲಸಿದ ಡ್ರಮ್ಮಿನ ಅಂಚಿನಲ್ಲಿ ಒಣಗಿ ಉಳಿಯುತ್ತದಲ್ಲ ತಿಳಿ ನೀಲಿ, ಅದೇ ಬಣ್ಣ ಬೇಕು. ಸಿಟಾಡೆಲ್ ಬಣ್ಣದ ಕಂಪನಿಯವರ ನಿಹಿಲಾಖ್ ಆಕ್ಸೈಡ್ ಅಂತ ಇದಕ್ಕೆಂದೇ ಒಂದು ಡಬ್ಬಿ ಬರುತ್ತದೆ. ಒಂದು ಮಿನಿಗಾಗಿ ಅದನ್ನು ತರಿಸಬೇಕಾಗಿಲ್ಲ. ಬಿಳಿಗೆ ಸ್ವಲ್ಪ ಹಸಿರು, ಅದಕ್ಕಿಂತ ಸ್ವಲ್ಪ ಕಡಿಮೆ ನೀಲಿ ಬೆರೆಸಿ ನೀರು ನೀರು ಮಾಡಿ. ಕಂಚಿನ ಮೇಲೆ ಮೊದಲು ಕಂದು ವಾಶ್ (ಸಂದಿಗೆ ಇಳಿಯುವ ನೀರು ಬಣ್ಣ) ಕೊಟ್ಟು, ಅದು ಪೂರ್ತಿ ಒಣಗಿದ ಮೇಲೆ ಈ ನೀಲಿಯನ್ನು ಮೊಳೆಗಳ ಬುಡಕ್ಕೆ, ಸಂದುಗಳಿಗೆ, ನೀರು ಇಳಿದು ನಿಲ್ಲುವ ಕಡೆಗೆ ಬಿಡಿ. ಉಬ್ಬಿದ ಕಡೆ ಬೆರಳಿನಿಂದ ಒರೆಸಿ. ಕೊನೆಗೆ ಗುರಾಣಿಯ ಅಂಚಿಗೆ ಮಾತ್ರ ಹೊಳೆಯುವ ಕಂಚಿನ ತೆಳು ಗೆರೆ, ಯಾಕಂದರೆ ಅಲ್ಲಿ ಉಜ್ಜಿ ಉಜ್ಜಿ ಕಿಲುಬು ನಿಲ್ಲುವುದಿಲ್ಲ. ನಾನು ಬುದ್ಧಿವಂತಿಕೆ ಮಾಡಿ ಒಮ್ಮೆ ನಿಜವಾದ ಮೈಲುತುತ್ತನ್ನೇ ಬಣ್ಣಕ್ಕೆ ಬೆರೆಸಿದ್ದೆ. ಬಣ್ಣ ಮೊಸರಿನ ಹಾಗೆ ಒಡೆಯಿತು. ಅದು ವಿಷ ಬೇರೆ. ಬ್ರಷ್ಷಿನ ಮೊನೆಯನ್ನು ನಾಲಗೆಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಎಲುಬಿಗೆ ಹೊಸ ಹಾಳೆತಟ್ಟೆಯ ಬಣ್ಣ, ಮೇಲೆ ಕಂದು ವಾಶ್, ಪಕ್ಕೆಲುಬು ಮತ್ತು ಹಣೆಗೆ ಕೆನೆಬಣ್ಣ. ವಾಶ್ ಒಂದೇ ಕಡೆ ಮಡುಗಟ್ಟಿದರೆ ಒದ್ದೆ ಬ್ರಷ್‌ನಿಂದ ಹೀರಿಕೊಳ್ಳಿ. ಈ ಹವೆಯಲ್ಲಿ ಅರ್ಧ ಗಂಟೆಗೆಲ್ಲ ಒಣಗುವುದಿಲ್ಲ, ಊಟ ಮಾಡಿ ಬನ್ನಿ. ಕಣ್ಣು ಬರೆಯುವ ತಲೆನೋವು ನಿಮಗಿಲ್ಲ, ಎರಡು ಗುಳಿಗೆ ಕಡುಕಂದು ಬಿಟ್ಟರೆ ಆಯಿತು. ಕೈ ನಡುಗುವವರಿಗೆ ಅಸ್ಥಿಪಂಜರಕ್ಕಿಂತ ಒಳ್ಳೆಯ ಮಿನಿ ಇಲ್ಲ. ಅದನ್ನು ಖಾಲಿ ಕೆಮ್ಮಿನ ಔಷಧದ ಬಾಟಲಿಯ ಮೇಲೆ ಅಂಟಿಸಿಕೊಂಡು, ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿಸಿ, ಮೊಣಕೈ ಮೇಜಿನ ಮೇಲೆ ಊರಿ. ಆಗ ಕೈ ನಡುಗಿದರೂ ಎರಡೂ ಒಟ್ಟಿಗೆ ನಡುಗುತ್ತವೆ.

ಇನ್ನೊಂದು ವಿಷಯ, ನನಗೆ ಅರ್ಥವಾಗಲು ವರ್ಷಗಳೇ ಹಿಡಿದದ್ದು. ನೀವು ಹಾಕಿದ ಹಿಂದಿನ ಫೋಟೊಗಳಲ್ಲಿ ಬಣ್ಣ ಶುದ್ಧವಾಗಿದೆ, ಆದರೆ ಎಲ್ಲ ಸಪ್ಪೆ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಬಣ್ಣದ ವೇಷವನ್ನು ಹತ್ತಿರದಿಂದ ನೋಡಿದ್ದೀರಾ? ಅಕ್ಕಿಹಿಟ್ಟು ಸುಣ್ಣದ ಚುಟ್ಟಿ, ಕೆಂಪಿನ ಪಕ್ಕದಲ್ಲೇ ಕಪ್ಪು, ಇಷ್ಟು ಜಾಸ್ತಿ ಯಾಕೆ ಅನಿಸುತ್ತದೆ. ಅದೇ ವೇಷ ರಂಗಸ್ಥಳಕ್ಕೆ ಬಂದಾಗ ಕೊನೆಯ ಸಾಲಿನವನಿಗೂ ಮುಖ ಕಾಣುತ್ತದೆ. 28 ಮಿಲಿಮೀಟರಿನ ಮಿನಿಯೂ ಹಾಗೆಯೇ. ಅದನ್ನು ನೋಡುವುದು ಮೇಜಿನಿಂದ ಒಂದು ಗಜ ದೂರದಲ್ಲಿ ನಿಂತು. ಅದಕ್ಕೇ ಅದರ ತಲೆ, ಕೈಗಳನ್ನು ಬೇಕಂತಲೇ ದೊಡ್ಡ ಮಾಡಿರುತ್ತಾರೆ. ನೆರಳು ನಿಮಗೆ ಸರಿ ಅನಿಸಿದ್ದಕ್ಕಿಂತ ಒಂದು ಪಟ್ಟು ಕಪ್ಪಾಗಲಿ, ಬೆಳಕು ಒಂದು ಪಟ್ಟು ಬಿಳಿಯಾಗಲಿ. ಕೈಯಲ್ಲಿ ಹಿಡಿದು ನೋಡಿದಾಗ ಅತಿಯಾಯಿತು ಅನಿಸಬೇಕು.

ಮಿನಿ ನಿಲ್ಲುವ ನೆಲಗಟ್ಟಿಗೆ ಮುರಕಲ್ಲಿನ (ಜಂಬಿಟ್ಟಿಗೆಯ) ಚೂರು ತಗೊಳ್ಳಿ. ಬೇಕಲ ಕೋಟೆಯ ಗೋಡೆ ಅದರದ್ದೇ ಅಲ್ವಾ, ತೂತು ತೂತು ಇರುವುದರಿಂದ ಕಡಲೆಯಷ್ಟು ಚೂರು ಕೂಡ ಬಂಡೆಯ ಹಾಗೆ ಕಾಣುತ್ತದೆ. ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ ಫೆವಿಕಾಲಿನಲ್ಲಿ ಅಂಟಿಸಿ. ಕಡಲ ಮರಳು ಬೇಡ, ಉಪ್ಪು ತೇವ ಎಳೆಯುತ್ತದೆ. ಬಾವಿಕಟ್ಟೆಯ ಪಾಚಿಯೂ ಬೇಡ, ಎರಡು ವಾರದಲ್ಲಿ ಕಂದಾಗಿ ಉದುರುತ್ತದೆ.

ವಾರ್ನಿಷ್ ಕೂಡ ಬ್ರಷ್‌ನಲ್ಲೇ, ಹೊಳಪಿಲ್ಲದ ಮ್ಯಾಟ್. ಎಲ್ಲ ಮುಗಿದ ಮೇಲೆ ಸ್ಪ್ರೇ ವಾರ್ನಿಷ್ ಹೊಡೆದು ಬಿಳಿಚಿಸಿಕೊಂಡವರ ಅಳು ಈ ಗುಂಪಿನಲ್ಲಿ ಪ್ರತಿ ಜುಲೈಯಲ್ಲೂ ಕೇಳುತ್ತೇವೆ. ಫೋಟೊ ಜಗಲಿಯಲ್ಲಿ ಹಗಲು ಹೊತ್ತು ತೆಗೆಯಿರಿ, ಹಿಂದೆ ಬೂದು ಕಾಗದ ಇಡಿ. ಮೋಡದ ಬೆಳಕಿನಲ್ಲಿ ಕಡು ನೆರಳು ಬೀಳುವುದಿಲ್ಲ. ಈ ಮಳೆಯಿಂದ ನಮ್ಮ ಹವ್ಯಾಸಕ್ಕೆ ಇರುವ ಲಾಭ ಅದೊಂದೇ.

ಆಲ್ಕೋಹಾಲಿಗೆ ಹಾಕುವ ಮೊದಲು ಮೇಲಂಗಿಯ ಹಿಂಭಾಗದ ಒಂದು ಫೋಟೊ ಇಲ್ಲಿ ಹಾಕಿ. ಉಜ್ಜಿದರೆ ಸಾಕಾ, ತೆಗೆಯಬೇಕಾ ಅಂತ ನೋಡಿ ಹೇಳ್ತೇನೆ.