ಸ್ಪ್ರಿಂಗ್ ತೆಗೆಸಬೇಡಿ ಸರ್

ನಿಮ್ಮ 1984ರ ಮಾರ್ಕ್ 4 ಅಂಬಾಸಡರ್‌ನ ಮುಂದಿನ ಬೆಂಚ್ ಸೀಟು ಡ್ರೈವರ್ ಕಡೆ ಕುಸಿದಿದೆ, ಸ್ಪ್ರಿಂಗ್ ಕಿತ್ತು ಪೂರ್ತಿ ಫೋಮ್ ಹಾಕಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಆ ಗಾಡಿಯ ಸೀಟಿನ ಸುಖವೆಲ್ಲ ಸ್ಪ್ರಿಂಗ್‌ನಲ್ಲೇ ಇದೆ. ಬರೀ ಫೋಮ್ ಆದರೆ ಕೂತು ಕೂತು ಅದೇ ಜಾಗ ಮತ್ತೆ ತಗ್ಗಾಗುತ್ತದೆ.

ಮೊದಲು ಹಳೆ ಕವರ್ ಬಿಚ್ಚಿಸಿ, ಆದರೆ ಹರಿಯಲು ಬಿಡಬೇಡಿ. ಹೊಲಿಗೆ ಬಿಡಿಸಿದರೆ ಅದೇ ಹೊಸ ರೆಕ್ಸಿನ್‌ಗೆ ಅಳತೆ. ಫ್ರೇಮಿನ ತುಕ್ಕು ಉಜ್ಜಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಸಿ. ಸಡಿಲಾದ ಸ್ಪ್ರಿಂಗ್‌ಗಳನ್ನು ಕಂಬಿಯಿಂದ ಒಂದಕ್ಕೊಂದು ಕಟ್ಟಿಸಿ, ಮುರಿದದ್ದನ್ನು ಬದಲಿಸಿ. ವೆಲ್ಡಿಂಗ್ ಮಾತ್ರ ಬೇಡವೇ ಬೇಡ, ಕಾದ ಜಾಗದಲ್ಲಿ ಉಕ್ಕಿನ ಬಿಗಿ ಹೋಗುತ್ತದೆ.

ಬಹಳ ಕಡೆ ತಪ್ಪುವುದು ಇಲ್ಲಿ: ಸ್ಪ್ರಿಂಗ್ ಮೇಲೆ ನೇರವಾಗಿ ಫೋಮ್ ಇಡುತ್ತಾರೆ, ತಂತಿ ಅದನ್ನು ಕೊರೆದು ಪುಡಿ ಮಾಡುತ್ತದೆ. ನಡುವೆ ದಪ್ಪ ಗೋಣಿತಾಟು, ಅದರ ಮೇಲೆ ತೆಂಗಿನ ನಾರಿನ ಹಾಸು, ಆಮೇಲೆ 40 ಡೆನ್ಸಿಟಿಯ (ಘನ ಮೀಟರಿಗೆ 40 ಕೆಜಿ ತೂಗುವ) ಒಂದೂವರೆ ಇಂಚು ಫೋಮ್ ಸಾಕು. ಹೆಚ್ಚು ದಪ್ಪ ಹಾಕಿದರೆ ಸೀಟು ಎತ್ತರವಾಗಿ ತೊಡೆ ಸ್ಟೀರಿಂಗ್‌ಗೆ ತಾಗುತ್ತದೆ.

ಹೊಲಿಗೆಗೆ ನೈಲಾನ್ ದಾರವನ್ನೇ ಕೇಳಿ. ರೆಕ್ಸಿನ್ ಎಳೆಯುವ ಮುಂಚೆ ಅರ್ಧ ಗಂಟೆ ಬಿಸಿಲಿಗೆ ಹಾಕಿಸಿ, ಮೆತ್ತಗಾಗಿ ಮೂಲೆಗಳಲ್ಲಿ ಸುಕ್ಕಿಲ್ಲದೆ ಕೂರುತ್ತದೆ. ಬಿಚ್ಚಿದ ಮೇಲೆ ಸ್ಪ್ರಿಂಗ್‌ನ ಫೋಟೋ ಹಾಕಿ, ಯಾವುದು ಉಳಿಯುತ್ತದೆ ನೋಡೋಣ.