ಫ್ಲಾರೆನ್ಸ್ ಬೇಡ, ಒರ್ವಿಯೆತೊಗೆ ಹೋಗಿ

ರೋಮ್‌ನಲ್ಲಿ ನಾಲ್ಕು ದಿನ ಇರುತ್ತೀರಿ, ನಾಲ್ವರು ಗೆಳೆಯರು. ಒಂದು ದಿನ ಹೊರಗಿನ ಹಳೆಯ ಊರೊಂದನ್ನು ನೋಡಿ ರಾತ್ರಿಯೊಳಗೆ ಮರಳಬೇಕು, ಇಬ್ಬರು ಸಸ್ಯಾಹಾರಿಗಳು, ಫ್ಲಾರೆನ್ಸ್ ಆದೀತೇ ಎಂದು ಕೇಳಿದ್ದೀರಿ.

ಆಗುವುದೇನೋ ಆಗುತ್ತದೆ. ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಆದರೆ ಅಲ್ಲಿ ಇಡೀ ದಿನ ಸರದಿಯಲ್ಲಿ ನಿಂತು, ನೋಡಲಾಗದೆ ಉಳಿದದ್ದರ ಪಟ್ಟಿ ಹಿಡಿದುಕೊಂಡು ವಾಪಸು ಬರುತ್ತೀರಿ. ನಾಲ್ವರಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಕಡೆ ಹೋಗಬೇಕೆನಿಸುತ್ತದೆ, ಸಂಜೆಯ ಹೊತ್ತಿಗೆ ಯಾರೂ ಯಾರೊಡನೆಯೂ ಮಾತಾಡುತ್ತಿರುವುದಿಲ್ಲ. ಒರ್ವಿಯೆತೊಗೆ ಹೋಗಿ. ನಾನು ರೋಮ್‌ನಲ್ಲಿ ಓದುತ್ತಿದ್ದಾಗ ಗೆಳೆಯರ ಜೊತೆ ಹೋಗಿ ಬಂದ ಊರು ಅದು. ಒಂದು ದಿನದ ಅಳತೆಗೆ ಹೊಲಿಸಿದಂತಿದೆ.

ರೋಮ್‌ನ ತೆರ್ಮಿನಿ ನಿಲ್ದಾಣದಿಂದ ಉತ್ತರಕ್ಕೆ ಹೋಗುವ ಸಾಧಾರಣ ರೈಲು ಹಿಡಿದರೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು. ಬಲು ಮುಖ್ಯವಾದ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ: ಕಾಗದದ ಟಿಕೆಟ್ ಕೊಂಡರೆ, ಹತ್ತುವ ಮೊದಲು ಪ್ಲಾಟ್‌ಫಾರ್ಮಿನಲ್ಲಿರುವ ಪುಟ್ಟ ಯಂತ್ರದ ಬಾಯಿಗೆ ಅದನ್ನು ತುರುಕಿ ಮುದ್ರೆ ಒತ್ತಿಸಿಕೊಳ್ಳಬೇಕು. ನಮ್ಮ ನಾಲ್ವರ ಟಿಕೆಟ್ಟೂ ಚಿತ್ರದುರ್ಗದ ಗೆಳೆಯನ ಜೇಬಿನಲ್ಲಿತ್ತು. ಹಣ ಕೊಟ್ಟು ಕೊಂಡ ಟಿಕೆಟ್ಟಿಗೆ ಮತ್ತೆಂಥ ಮುದ್ರೆ ಎಂದು ಅವನು ನಗುತ್ತಾ ಹತ್ತಿದ. ಅರ್ಧ ದಾರಿಯಲ್ಲಿ ಬಂದ ಟಿಕೆಟ್ ತಪಾಸಣೆಯವರು ನಗಲಿಲ್ಲ. ದಂಡದ ಮೊತ್ತ ಬರೆಯುವುದಿಲ್ಲ, ಅವನೂ ಇದನ್ನು ಓದುವ ಸಾಧ್ಯತೆಯಿದೆ. ನಮ್ಮ ಜೊತೆಗಿದ್ದ ಮೈಸೂರಿನ ಗೆಳತಿ ಮಾತ್ರ ಅಲ್ಲಿಂದ ಮುಂದಕ್ಕೆ ಅವನ ಕಡೆ ನೋಡದೆ ಕಿಟಕಿಯ ಕಡೆಗೇ ನೋಡುತ್ತಾ ಕುಳಿತಳು.

ಅದರಿಂದ ಊರು ಮೊದಲು ಕಂಡದ್ದು ಅವಳಿಗೇ. ಬಯಲಿನ ನಡುವೆ ನಾಲ್ಕೂ ಕಡೆ ಕಡಿದಾಗಿ ಎದ್ದು ನಿಂತ ಕಂದುಬಣ್ಣದ ಬಂಡೆ, ಅದರ ಮೇಲೆ ಅಂಚಿನಿಂದ ಅಂಚಿಗೆ ಮನೆಗಳು. ಲಕ್ಷಾಂತರ ವರ್ಷಗಳ ಹಿಂದೆ ಅಗ್ನಿಪರ್ವತ ಉಗುಳಿದ ಬೂದಿ ಗಟ್ಟಿಯಾಗಿ ಆದ ಈ ಕಲ್ಲಿಗೆ ಇಟಲಿಯವರು ತೂಫೊ ಎನ್ನುತ್ತಾರೆ. ಮೆದು ಕಲ್ಲು, ಅಗೆದರೆ ಬರುತ್ತದೆ. ರೋಮನ್ನರಿಗಿಂತ ಮೊದಲಿದ್ದ ಎತ್ರುಸ್ಕನ್ ಜನ ಇಲ್ಲಿ ನೆಲೆಸಿದ್ದು ಇದೇ ಕಾರಣಕ್ಕೆ. ಹೊರಗಿನಿಂದ ಹತ್ತಲಾಗದ ಬಂಡೆ, ಒಳಗಿನಿಂದ ಕೊರೆಯಬಹುದಾದ ಬಂಡೆ. ಕ್ರಿಸ್ತಪೂರ್ವ 264ರಲ್ಲಿ ರೋಮನ್ನರು ಊರನ್ನು ಗೆದ್ದು ಹಾಳುಗೆಡವಿ, ಉಳಿದ ಜನರನ್ನು ಬೊಲ್ಸೇನಾ ಸರೋವರದ ದಡಕ್ಕೆ ಸಾಗಿಸಿದರು.

ಇಂಥ ಬಂಡೆಗೆ ಒಂದೇ ಕೊರತೆ, ನೀರು. ಒರ್ವಿಯೆತೊವನ್ನು ನೋಡುವಾಗ ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಸಾಕು, ಮಾರ್ಗದರ್ಶಿ ಪುಸ್ತಕದ ಅರ್ಧ ಪುಟಗಳು ತಾವಾಗಿ ಅರ್ಥವಾಗುತ್ತವೆ. ನಿಲ್ದಾಣ ಕೆಳಗಿದೆ, ಊರು ಮೇಲಿದೆ. ಎದುರಿಗೇ ನಿಂತಿರುವ ಹಗ್ಗದ ರೈಲು ನಿಮ್ಮನ್ನು ಕೆಲವೇ ನಿಮಿಷಗಳಲ್ಲಿ ಮೇಲಕ್ಕೆ ಎಳೆದುಕೊಳ್ಳುತ್ತದೆ. 1888ರಲ್ಲಿ ಇದು ಆರಂಭವಾದಾಗ ಓಡುತ್ತಿದ್ದದ್ದು ನೀರಿನ ತೂಕದಿಂದ. ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬುತ್ತಿದ್ದರು, ಅದು ಭಾರಕ್ಕೆ ಇಳಿಯುವಾಗ ಕೆಳಗಿನ ಗಾಡಿ ಮೇಲೇರುತ್ತಿತ್ತು. ನೀರಿಗಾಗಿ ಶತಮಾನಗಟ್ಟಲೆ ಪರದಾಡಿದ ಊರು ನೀರನ್ನೇ ಕುದುರೆ ಮಾಡಿಕೊಂಡಿತ್ತು! ಈಗಿನದು ವಿದ್ಯುತ್ತಿನದು, 1990ರಿಂದ ಇದೆ.

ಇಳಿದ ಕೂಡಲೇ ಎಲ್ಲರೂ ಚರ್ಚಿನ ಕಡೆಗೆ ಓಡುತ್ತಾರೆ. ನೀವು ಓಡಬೇಡಿ. ಹಗ್ಗದ ರೈಲಿನ ಮೇಲಿನ ನಿಲ್ದಾಣದಿಂದ ಕೂಗಳತೆಯಲ್ಲಿ ಸಂತ ಪ್ಯಾಟ್ರಿಕ್‌ನ ಬಾವಿ ಇದೆ. ಹೊರಗಿನಿಂದ ನೋಡಿದರೆ ತಗ್ಗಾದ ಒಂದು ದುಂಡು ಗೋಡೆ, ಅಷ್ಟೇ. ನಮ್ಮಲ್ಲೊಬ್ಬರು ಇದಕ್ಕೂ ಟಿಕೆಟ್ಟೇ ಎಂದರು. (ನಾನೇ.)

1527ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೈನಿಕರು ರೋಮ್‌ಗೆ ನುಗ್ಗಿ ಲೂಟಿ ಮಾಡಿದರು. ಪೋಪ್ ಏಳನೆಯ ಕ್ಲೆಮೆಂಟ್ ತಿಂಗಳುಗಟ್ಟಲೆ ಕೋಟೆಯೊಳಗೆ ಸಿಕ್ಕಿಬಿದ್ದು, ಆ ವರ್ಷದ ಡಿಸೆಂಬರ್‌ನಲ್ಲಿ ವೇಷ ಮರೆಸಿಕೊಂಡು ಈ ಬಂಡೆಯ ಮೇಲಕ್ಕೆ ಓಡಿ ಬಂದರು. ಇಂಗ್ಲೆಂಡಿನ ಎಂಟನೆಯ ಹೆನ್ರಿ ತನ್ನ ಮದುವೆ ರದ್ದುಪಡಿಸಿಕೊಳ್ಳಲು ಕಳುಹಿಸಿದ ದೂತರು 1528ರಲ್ಲಿ ಪೋಪರನ್ನು ಕಂಡದ್ದೂ ಇದೇ ಊರಿನಲ್ಲಿ. ರಾಜನ ಮದುವೆಗಿಂತ ದೊಡ್ಡ ಚಿಂತೆ ಪೋಪರಿಗಿತ್ತು. ಶತ್ರುಗಳು ಇಲ್ಲಿಗೂ ಬಂದು ಮುತ್ತಿಗೆ ಹಾಕಿದರೆ ಕುಡಿಯುವ ನೀರಿಗೆ ಗತಿಯೇನು? ಕಿರಿಯ ಆಂತೋನಿಯೊ ದ ಸಂಗಾಲ್ಲೊ ಎಂಬ ವಾಸ್ತುಶಿಲ್ಪಿಗೆ ಬಾವಿ ತೋಡಿಸಲು ಹೇಳಿದರು.

ಅವನು ತೋಡಿಸಿದ್ದು ಐವತ್ತು ಮೀಟರಿಗೂ ಆಳವಾದ, ಹದಿಮೂರು ಮೀಟರ್ ಅಗಲದ ದುಂಡು ಬಾವಿ. ಅಷ್ಟು ಆಳದಿಂದ ಹಗ್ಗ ಕಟ್ಟಿ ಊರಿಗೆಲ್ಲ ನೀರು ಸೇದುವುದು ಆಗದ ಮಾತು. ಆದ್ದರಿಂದ ಹೇಸರಗತ್ತೆಗಳೇ ತಳಕ್ಕೆ ಇಳಿದು ನೀರು ಹೊತ್ತು ಬರಲಿ ಎಂದ. ಕಿರಿದಾದ ಮೆಟ್ಟಿಲಿನಲ್ಲಿ ಇಳಿಯುವ ಕತ್ತೆಗೆ ಏರುವ ಕತ್ತೆ ಎದುರಾದರೆ ಎರಡೂ ನಿಂತುಬಿಡುತ್ತವಲ್ಲ? ಅದಕ್ಕೆ ಬಾವಿಯ ಗೋಡೆಯೊಳಗೆ ಒಂದರ ಮೇಲೊಂದು ಹೆಣೆದುಕೊಂಡಂತೆ ಎರಡು ಸುರುಳಿ ಮೆಟ್ಟಿಲುಗಳು. ಒಂದರ ಬಾಗಿಲು ಈ ಕಡೆ, ಇನ್ನೊಂದರದು ನೇರ ಆ ಕಡೆ. ಒಂದರಲ್ಲಿ ಇಳಿದು, ತಳದ ಪುಟ್ಟ ಸೇತುವೆ ದಾಟಿ, ಇನ್ನೊಂದರಲ್ಲಿ ಏರಬೇಕು. ಎರಡೂ ಎಲ್ಲಿಯೂ ಕೂಡುವುದಿಲ್ಲ. ಒಂದೊಂದರಲ್ಲಿ 248 ಮೆಟ್ಟಿಲು, ಕತ್ತೆಯ ಹೆಜ್ಜೆಗೆ ತಕ್ಕಂತೆ ಅಗಲವಾಗಿ, ತಗ್ಗಾಗಿ ಇವೆ. ಬೆಳಕಿಗೆ ಬಾವಿಯ ಕಡೆಗೆ ತೆರೆದ ಸುಮಾರು ಎಪ್ಪತ್ತು ಕಿಟಕಿಗಳು.

ರೈಲಿನ ಜಗಳದ ಬಿಸಿಯಲ್ಲಿ ಗೆಳತಿ ಯಾರಿಗೂ ಕಾಯದೆ ಮೊದಲೇ ಇಳಿದುಬಿಟ್ಟಿದ್ದಳು. ನಾವು ಇಳಿಯುತ್ತಾ ಅರ್ಧಕ್ಕೆ ಬಂದಾಗ ಎದುರಿನ ಕಿಟಕಿಯಲ್ಲಿ ಅವಳು ಮೇಲೇರುತ್ತಿರುವುದು ಕಂಡಿತು. ದುರ್ಗದವನು ಕಿಟಕಿಯಿಂದ ಕೈ ಬೀಸಿ, ದಂಡವನ್ನು ನಾನೇ ಕಟ್ಟುತ್ತೇನೆ ಮಾರಾಯಿತಿ ಎಂದು ಕೂಗಿದ. ಬಾವಿ ಆ ಮಾತನ್ನು ಮೂರು ಸಲ ಹೇಳಿತು. ಅವಳು ನಿಂತಳು, ಏನೋ ಉತ್ತರ ಕೊಟ್ಟಳು, ಪ್ರತಿಧ್ವನಿಯಲ್ಲಿ ಕಲಸಿಹೋಯಿತು. ಅವನು ಮುಂದಿನ ಕಿಟಕಿಗೆ ಓಡಿದ, ಅಷ್ಟರಲ್ಲಿ ಅವಳು ಮತ್ತೊಂದು ಕಿಟಕಿಗೆ ಏರಿದ್ದಳು. ಕತ್ತೆಗಳು ಎದುರಾಗದಂತೆ ಐನೂರು ವರ್ಷಗಳ ಹಿಂದೆ ಮಾಡಿದ ಏರ್ಪಾಡು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಜೊತೆಗಿದ್ದ ಕೇರಳದ ಹುಡುಗಿ ಹೇಳಿದಾಗ ನನಗೆ ಮೆಟ್ಟಿಲಿನ ಮೇಲೆಯೇ ಕುಳಿತು ನಗಬೇಕಾಯಿತು.

ತಳದಲ್ಲಿ ನಿಂತು ತಲೆಯೆತ್ತಿದರೆ ಆಕಾಶ ಒಂದು ಬಿಲ್ಲೆಯಷ್ಟು. ದುರ್ಗದವನಿಗೆ ಅವನ ಊರಿನ ಕೋಟೆಯ ಅಕ್ಕತಂಗಿ ಹೊಂಡ ನೆನಪಾಯಿತು. ಬಂಡೆಯ ಮೇಲೆ ಕೋಟೆ ಕಟ್ಟುವವರಿಗೆಲ್ಲ ಇದೇ ತಲೆನೋವು, ನಮ್ಮವರು ಮಳೆಯನ್ನು ಹಿಡಿದಿಟ್ಟರು, ಇವರು ಪಾತಾಳಕ್ಕೆ ಇಳಿದರು ಎಂದ. ಬಾವಿ ಮುಗಿದದ್ದು 1537ರಲ್ಲಿ. ಕ್ಲೆಮೆಂಟ್ 1534ರಲ್ಲೇ ತೀರಿಕೊಂಡಿದ್ದರು, ಅವರು ಹೆದರಿದ್ದ ಮುತ್ತಿಗೆಯೂ ಬರಲಿಲ್ಲ. ಮೊಣಕಾಲು ನೋವಿರುವವರು ನಿಮ್ಮಲ್ಲಿದ್ದರೆ ಇಳಿಯುವ ಮೊದಲು ಯೋಚಿಸಲಿ. ನಡುವೆ ಮನಸ್ಸು ಬದಲಾಯಿಸಿ ಅಡ್ಡದಾರಿ ಹಿಡಿಯಲು ಸಂಗಾಲ್ಲೊ ಅವಕಾಶ ಬಿಟ್ಟಿಲ್ಲ.

ಇನ್ನು ಚರ್ಚು. ನಾವು ಹೋದದ್ದು ಭಾನುವಾರ. ಬೆಳಗ್ಗೆ ಪೂಜೆ, ಪ್ರವಾಸಿಗರು ಮಧ್ಯಾಹ್ನದ ಮೇಲೆ ಬನ್ನಿ ಎಂದರು. ಸಾಧ್ಯವಾದರೆ ಬೇರೆ ದಿನ ಹೋಗಿ, ಭುಜ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಕತೆ ಹೀಗಿದೆ: 1263ರಲ್ಲಿ ಹತ್ತಿರದ ಬೊಲ್ಸೇನಾದಲ್ಲಿ, ಸಂಶಯದ ಮನಸ್ಸಿನ ಪಾದ್ರಿಯೊಬ್ಬ ಪೂಜೆ ಮಾಡುವಾಗ ಕೈಯಲ್ಲಿದ್ದ ಪರಮಪ್ರಸಾದದ ರೊಟ್ಟಿಯಿಂದ ಪೀಠದ ಬಟ್ಟೆಯ ಮೇಲೆ ರಕ್ತ ತೊಟ್ಟಿಕ್ಕಿತಂತೆ. ಆ ಬಟ್ಟೆಯನ್ನು ಒರ್ವಿಯೆತೊದಲ್ಲಿದ್ದ ಪೋಪ್ ನಾಲ್ಕನೆಯ ಅರ್ಬನ್‌ರ ಬಳಿಗೆ ತಂದರು. ಮರುವರ್ಷ ಅವರು ಪರಮಪ್ರಸಾದದ ಹಬ್ಬವನ್ನು ಇಡೀ ಕೆಥೋಲಿಕ್ ಲೋಕಕ್ಕೆ ಘೋಷಿಸಿದ್ದು ಇಲ್ಲಿಂದಲೇ. ಈ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1290ರಲ್ಲಿ, ಬಟ್ಟೆ ಈಗಲೂ ಒಳಗಿದೆ.

ಮುಂಭಾಗ ಬಂಗಾರದ ಹೊಳಪಿನ ಚಿತ್ರಗಳಿಂದ ಕಣ್ಣು ಕುಕ್ಕುತ್ತದೆ. ನನಗೇನೋ ಅದಕ್ಕಿಂತ ಪಕ್ಕದ ಗೋಡೆಗಳೇ ಇಷ್ಟವಾದವು. ಕರಿಯ ಬಸಾಲ್ಟ್, ಬಿಳಿಯ ಟ್ರಾವರ್ಟೈನ್, ಒಂದರ ಮೇಲೊಂದು ಪಟ್ಟೆ ಪಟ್ಟೆಯಾಗಿ. ಒಳಗೆ ಬಲಕ್ಕೆ ಸಾನ್ ಬ್ರಿಜಿಯೊ ಗುಡಿಯ ಭಿತ್ತಿಚಿತ್ರಗಳನ್ನು ನೋಡದೆ ಬರಬೇಡಿ. 1447ರಲ್ಲಿ ಫ್ರಾ ಆಂಜೆಲಿಕೊ ಶುರು ಮಾಡಿ ಬಿಟ್ಟುಹೋದ ಕೆಲಸವನ್ನು ಅರ್ಧ ಶತಮಾನದ ಮೇಲೆ, 1499ರಲ್ಲಿ, ಲೂಕಾ ಸಿನ್ಯೊರೆಲ್ಲಿ ಎತ್ತಿಕೊಂಡ. ಸಂಭಾವನೆಯ ಜೊತೆಗೆ ಒರ್ವಿಯೆತೊದ ವೈನನ್ನೂ ಕೊಡಬೇಕೆಂಬ ಕರಾರಿತ್ತು. ಪ್ರಳಯದ ದಿನ ಸತ್ತವರು ನೆಲದೊಳಗಿನಿಂದ ಕೈಯೂರಿ ಮೇಲೇಳುತ್ತಿದ್ದಾರೆ. ಕೆಲವರಿಗೆ ಮೈ ಬಂದಿದೆ, ಕೆಲವರು ಇನ್ನೂ ಎಲುಬಿನ ಗೂಡು. ಇನ್ನೊಂದು ಗೋಡೆಯಲ್ಲಿ ಕ್ರಿಸ್ತನಂತೆಯೇ ಕಾಣುವ ಒಬ್ಬ ಉಪದೇಶ ಮಾಡುತ್ತಿದ್ದಾನೆ, ಅವನ ಕಿವಿಯಲ್ಲಿ ಸೈತಾನ ಏನು ಹೇಳಬೇಕೆಂದು ಪಿಸುಗುಟ್ಟುತ್ತಿದ್ದಾನೆ. ಆ ಚಿತ್ರದ ಎಡ ಮೂಲೆಯಲ್ಲಿ ಕರಿಯ ಬಟ್ಟೆ ತೊಟ್ಟು, ಇದೆಲ್ಲ ತನಗೆ ಸಂಬಂಧಿಸಿದ್ದೇ ಅಲ್ಲ ಎಂಬಂತೆ ನಮ್ಮನ್ನೇ ನೋಡುತ್ತಾ ನಿಂತವನು ಸಿನ್ಯೊರೆಲ್ಲಿಯೇ. ಪಕ್ಕದಲ್ಲಿ ಫ್ರಾ ಆಂಜೆಲಿಕೊನನ್ನೂ ಬರೆದಿದ್ದಾನೆ. ಕೆಲಸ ಶುರು ಮಾಡಿದವನನ್ನು ಮರೆಯದ ಈ ನಡತೆ ನನಗೆ ಹಿಡಿಸಿತು.

ಊಟಕ್ಕೆ ತಡ ಮಾಡಬೇಡಿ. ಎರಡೂವರೆಯ ಹೊತ್ತಿಗೆ ಅಡುಗೆಮನೆಗಳು ಮುಚ್ಚತೊಡಗುತ್ತವೆ, ಮತ್ತೆ ತೆರೆಯುವುದು ರಾತ್ರಿಯೂಟಕ್ಕೆ. ಸಸ್ಯಾಹಾರಿಗಳಿಗೆ ಉಂಬ್ರಿಕೆಲ್ಲಿ ಒಳ್ಳೆಯದು. ಬರೀ ಹಿಟ್ಟು, ನೀರು ಕಲಸಿ ಕೈಯಲ್ಲಿ ಹೊಸೆದ ದಪ್ಪ ಶಾವಿಗೆ ಅದು. ಟೊಮೆಟೊ ಮತ್ತು ಮೆಣಸಿನಕಾಯಿಯ ಸಾರಿನಲ್ಲೋ ತ್ರಫಲ್ ಅಣಬೆಯಲ್ಲೋ ಸಿಗುತ್ತದೆ. ಸಾರಿಗೆ ಮಾಂಸ ಸೇರಿದೆಯೇ ಎಂದು ಕೇಳಿಯೇ ತರಿಸಿಕೊಳ್ಳಿ. ಪಟ್ಟಿಯಲ್ಲಿ ಪಿಚ್ಚೊನೆ ಎಂದಿದ್ದರೆ ಅದು ಪಾರಿವಾಳ, ಈ ಊರಿನ ಹಳೆಯ ತಿನಿಸು. ಮೊದಲು ತಂದಿಟ್ಟ ಬ್ರೆಡ್ಡಿಗೆ ಉಪ್ಪೇ ಇರಲಿಲ್ಲ. ಮರೆತಿದ್ದಾರೆಂದು ನಾವು ಉಪ್ಪು ಕೇಳಿದೆವು, ಬಡಿಸುವಾಕೆ ಇಲ್ಲಿ ಹೀಗೆಯೇ ಎಂದರು. 1540ರಲ್ಲಿ ಪೋಪ್ ಉಪ್ಪಿನ ಮೇಲೆ ತೆರಿಗೆ ಹೇರಿದ್ದಕ್ಕೆ ಹಟ ತೊಟ್ಟು, ಒರ್ವಿಯೆತೊ ಇರುವ ಉಂಬ್ರಿಯಾ ಪ್ರಾಂತ್ಯದ ಜನ ಉಪ್ಪು ಬಿಟ್ಟರು ಎಂಬುದು ಅಲ್ಲಿ ಎಲ್ಲರೂ ಹೇಳುವ ಕತೆ. ಉಪ್ಪಿಗಿಂತ ರುಚಿಯಿಲ್ಲ ಎಂದು ಕಲಿತು ಬೆಳೆದ ನಮಗೆ ಆ ಹಟ ಅರ್ಥವಾಯಿತು, ಬ್ರೆಡ್ಡು ಮಾತ್ರ ಇಳಿಯಲಿಲ್ಲ.

ಪಾರಿವಾಳದ ಮಾತು ಬಂತಲ್ಲ, ಊಟವಾದ ಮೇಲೆ ನೆಲದಡಿಗೆ ಇಳಿಯಿರಿ. ಊರಿನ ಕೆಳಗೆ ಮನುಷ್ಯರೇ ಕೊರೆದ ಸುಮಾರು 1200 ಗುಹೆಗಳಿವೆ. ಚರ್ಚಿನ ಚೌಕದಿಂದ ಮಾರ್ಗದರ್ಶಿಗಳು ಕರೆದೊಯ್ಯುತ್ತಾರೆ, ಇಂಗ್ಲಿಷಿನಲ್ಲೂ ವಿವರಿಸುತ್ತಾರೆ, ಒಂದು ಗಂಟೆ ಸಾಕು. ಎತ್ರುಸ್ಕನ್ನರ ಇಕ್ಕಟ್ಟಾದ ಬಾವಿ, ಎಣ್ಣೆಯ ಗಾಣ, ಗೋಡೆಯ ತುಂಬ ಸಾಲುಸಾಲು ಚೌಕ ಗೂಡುಗಳು. ಪಾರಿವಾಳಗಳು ಬಂಡೆಯ ಅಂಚಿನ ಕಿಂಡಿಯಿಂದ ಹಾರಿಹೋಗಿ ತಾವೇ ಮೇವು ಹುಡುಕಿ ಗೂಡಿಗೆ ಬರುತ್ತಿದ್ದವು, ಮನೆಯವರು ಒಳಗಿನಿಂದ ಹಿಡಿದು ಅಡುಗೆ ಮಾಡುತ್ತಿದ್ದರು. ಮೇವಿನ ಖರ್ಚಿಲ್ಲ, ಮುತ್ತಿಗೆಯಾದರೂ ಊಟಕ್ಕೆ ತೊಂದರೆಯಿಲ್ಲ. ಪಾರಿವಾಳದ ಮಟ್ಟಿಗೆ ಬಿಡಿ. ಬೇಸಿಗೆಯಲ್ಲಿ ಹೋದರೂ ಒಂದು ಮೇಲಂಗಿ ಇರಲಿ, ಒಳಗೆ ತಂಪು.

ಗಡಿಯಾರದ ಗೋಪುರ ತೊರೆ ದೆಲ್ ಮೊರೊ 47 ಮೀಟರ್ ಎತ್ತರ. ಬಾವಿ ಹತ್ತಿಳಿದ ಕಾಲುಗಳು ಒಪ್ಪಿದರೆ ಏರಿ, ನಮ್ಮವು ಒಪ್ಪಲಿಲ್ಲ. ಹತ್ತಿರದ ಚಿವಿತಾ ದಿ ಬಾನ್ಯೊರೆಜೊ ಎಂಬ ಪುಟ್ಟ ಊರನ್ನೂ ಅದೇ ದಿನ ಮುಗಿಸಬಹುದೆಂದು ಯಾರಾದರೂ ಹೇಳಿಯಾರು, ಕೇಳಬೇಡಿ. ಬಸ್ಸಿನ ವೇಳೆಗೆ ಕಾಯುವುದರಲ್ಲೇ ನಿಮ್ಮ ಮಧ್ಯಾಹ್ನ ಕರಗುತ್ತದೆ. ಅದರ ಬದಲು ಊರಿನ ಪಶ್ಚಿಮದ ಅಂಚಿನ ಹಳೆಯ ಬೀದಿಗಳಲ್ಲಿ ನಡೆದು ಬಂಡೆಯ ತುದಿಯ ಗೋಡೆಯ ಮೇಲೆ ಕುಳಿತುಕೊಳ್ಳಿ. ಕೆಳಗೆ ದ್ರಾಕ್ಷಿ ತೋಟಗಳು, ಊರಿನ ಹೆಸರಿನ ಬಿಳಿ ವೈನ್ ಬರುವುದು ಅಲ್ಲಿಂದ. ನಾವು ಅಲ್ಲಿ ಒಂದೂವರೆ ಗಂಟೆ ಏನೂ ಮಾಡದೆ ಕುಳಿತಿದ್ದೆವು. ಬಾವಿಯ ಕಿಟಕಿಯಿಂದ ಏನು ಕೂಗಿದೆ ಎಂದು ದುರ್ಗದವನು ಮೈಸೂರಿನವಳನ್ನು ಕೇಳಿದ್ದು ಆಗಲೇ. ದಂಡವಷ್ಟೇ ಅಲ್ಲ, ಊಟವೂ ನಿನ್ನದೇ ಎಂದಿದ್ದಳಂತೆ.

ವಾಪಸು ರೈಲಿನ ವೇಳೆಯನ್ನು ಬೆಳಗ್ಗೆಯೇ ಬರೆದಿಟ್ಟುಕೊಳ್ಳಿ, ಹಗ್ಗದ ರೈಲಿಗೆ ಕಾಯಲು ಇಪ್ಪತ್ತು ನಿಮಿಷ ಕೈಯಲ್ಲಿರಲಿ. ಸಂಜೆ ನಿಲ್ದಾಣದಲ್ಲಿ ಅವನು ನಾಲ್ಕೂ ಟಿಕೆಟ್ಟುಗಳನ್ನು ಯಂತ್ರಕ್ಕೆ ಕೊಟ್ಟು, ಒಂದೊಂದರ ಮುದ್ರೆಯನ್ನೂ ದೀಪಕ್ಕೆ ಹಿಡಿದು ಓದಿ, ಮೈಸೂರಿನವಳ ಕೈಗೆ ಒಪ್ಪಿಸಿದ.