ಪ್ರಕಟಣೆ ನಮಗೆ ಕಾಣುತ್ತದೆ, ಸ್ಕ್ರೀನ್ ರೀಡರ್ ಯಾಕೆ ಓದುವುದಿಲ್ಲ?

ನಮಸ್ಕಾರ. ಗ್ರಂಥಾಲಯದ ವೆಬ್‌ಸೈಟ್‌ಗೆ ಹಾಕಿದ ಪಿಡಿಎಫ್ ನಿಮಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಕಣ್ಣು ಕಾಣದ ಓದುಗರೊಬ್ಬರ ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್) ಏನೇನೋ ಇಂಗ್ಲಿಷ್ ಅಕ್ಷರ ಹೇಳುತ್ತದೆ ಎಂದು ಕೇಳಿದ್ದೀರಿ. ತೊಂದರೆ ಅವರ ಸಾಫ್ಟ್‌ವೇರ್‌ನದ್ದಲ್ಲ. ಬಹುಶಃ ಆ ಪ್ರಕಟಣೆ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಆಗಿದೆ. ಅದರಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಕಲಸುಮೇಲೋಗರ ಬಂದರೆ ಅದೇ ಕಾರಣ. ಸಾಲು ಸೆಲೆಕ್ಟೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ, ಓದುವುದಕ್ಕೆ ಅಲ್ಲಿ ಅಕ್ಷರವೇ ಇಲ್ಲ.

ಮೂಲ ಫೈಲ್ ಇದ್ದರೆ, ಒಳಗೂ ಕನ್ನಡ ಅಕ್ಷರವೇ ಇರುವ ಯೂನಿಕೋಡ್‌ಗೆ ಬದಲಾಯಿಸಿ. ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು, ಒಮ್ಮೆ ಓದಿಬಿಡಿ. ಆಮೇಲೆ ಪಿಡಿಎಫ್ ಬಿಟ್ಟು ನೇರವಾಗಿ ಪುಟದಲ್ಲೇ ಹಾಕಿ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದುವ ಹಿರಿಯರಿಗೂ ಅದೇ ಅನುಕೂಲ, ಅಲ್ವಾ? ಪುಟದ ಕೋಡ್‌ನಲ್ಲಿ ಭಾಷೆ ಕನ್ನಡ ಎಂದು ಗುರುತು ಹಾಕುವುದನ್ನು ಮರೆಯಬೇಡಿ. ಎಷ್ಟೋ ಟೆಂಪ್ಲೇಟ್‌ಗಳಲ್ಲಿ ಅದು ಇಂಗ್ಲಿಷ್ ಎಂದೇ ಇರುತ್ತದೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೋಗಿ ತಡವರಿಸಬಹುದು.

ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ, ಕನ್ನಡವನ್ನೂ ಓದುತ್ತದೆ. ಅದನ್ನು ಹಾಕಿಕೊಂಡು, ಮೌಸ್ ಮುಟ್ಟದೆ ಬರೀ ಕೀಬೋರ್ಡ್‌ನಿಂದ ಒಂದು ಪ್ರಕಟಣೆ ತೆರೆದು ಕೇಳಿ. ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ತೋರಿಸಿ. ಹಳೆಯದನ್ನೆಲ್ಲ ಒಟ್ಟಿಗೆ ಸರಿಮಾಡಲು ಹೋಗಬೇಡಿ. ಈ ತಿಂಗಳ ಒಂದು ಪ್ರಕಟಣೆ ಸಿದ್ಧಮಾಡಿ, ಆ ಓದುಗರಿಗೇ ಮೊದಲು ಕಳಿಸಿ ಅಭಿಪ್ರಾಯ ಕೇಳಿ.